ತಲೆ ಕಟ್ಟಿದ ಸೇರು

ತಿಕೋಟಾದ ಮಲಕಾಜಪ್ಪನಿಗೆ ಗೇಣು ಹೊಲವಿರಲಿಲ್ಲ. ಆದರೆ ಸುಗ್ಗಿ ಬಂತೆಂದರೆ ಆತನಿಲ್ಲದೆ ಊರಿನ ಒಂದು ಕಾಳು ಜೋಳವೂ ಮನೆ ಸೇರುತ್ತಿರಲಿಲ್ಲ. ಆತ ರಾಶಿ ಅಳೆಯುವವ. ಅಪ್ಪ ಬಿಟ್ಟುಹೋದ ಆಸ್ತಿ ಅಂದರೆ ಒಂದು ಕಬ್ಬಿಣದ ಸೇರು. ಹಿಡಿದು ಹಿಡಿದು ಅದರ ಅಂಚು ಸವೆದು ಹೊಳೆಯುತ್ತಿತ್ತು. ದೊಡ್ಡ ರೈತನಿರಲಿ ಸಣ್ಣವನಿರಲಿ, ಕಣದಲ್ಲಿ ತೂರಿದ ಜೋಳ ಗುಡ್ಡೆ ಬಿದ್ದ ಕೂಡಲೇ ಹೇಳಿಕಳಿಸುತ್ತಿದ್ದುದು ಮಲಕಾಜಪ್ಪನಿಗೆ. ಬಬಲೇಶ್ವರಕ್ಕೆ ಮಗಳನ್ನು ಕೊಟ್ಟ ಮೇಲೆ ಅಲ್ಲಿಂದಲೂ ಕರೆ ಬರತೊಡಗಿತು.

ಅಳೆಯುವುದೆಂದರೆ ತುಂಬಿ ಸುರಿಯುವುದು ಅಂದುಕೊಂಡವರು ಕಣ ಕಂಡವರಲ್ಲ. ರಾಶಿಗೆ ಪೂಜೆಯಾಗಬೇಕು, ಮಲಕಾಜಪ್ಪ ರುಮಾಲು ಬಿಗಿದು ಪೂರ್ವಕ್ಕೆ ಮುಖ ಮಾಡಿ ಮಂಡಿಯೂರಬೇಕು. ಆತ ಕೂತನೆಂದರೆ ಸುತ್ತಲಿನವರು ಪಿಟ್ಟೆನ್ನುವಂತಿಲ್ಲ. ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಆಮೇಲೆ ಎರಡು, ಮೂರು. ಕಡೆಗೆ ರಾಶಿಯ ಬುಡ ಬಳಿಯುವಂತಿಲ್ಲ. ನಾಲ್ಕು ಬೊಗಸೆ ಭೂಮಿತಾಯಿಗೆ, ಹಕ್ಕಿಪಕ್ಷಿಗೆ ಎಂದು ಬಿಟ್ಟೇ ಏಳಬೇಕು. ಹೀಗಾಗಿ ಮೂವತ್ತು ವರ್ಷ ರಾಶಿ ಅಳೆದರೂ ಮಲಕಾಜಪ್ಪ ಒಂದು ರಾಶಿಯ ತಳ ಕಂಡವನಲ್ಲ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಇನ್ನೊಂದು ಕಟ್ಟಳೆಯಿತ್ತು. ಸೇರನ್ನು ಕೈಗೆ ಕೊಡುವಾಗ ಅಪ್ಪ ಹೇಳಿದ್ದ: "ಅಳದಿದ್ದು ಕೈಯಾಗ ಇರಲಿ, ಬಾಯಾಗ ಬರಬಾರದು. ಒಬ್ಬನ ರಾಶಿ ಇನ್ನೊಬ್ಬಗ ಹೇಳಿದಿ ಅಂದ್ರ ಮರುವರ್ಷ ನಿನ್ನ ಯಾವ ಕಣಕ್ಕೂ ಕರಿಯೂದಿಲ್ಲ." ಮಲಕಾಜಪ್ಪ ಅದನ್ನು ಪಾಲಿಸಿಕೊಂಡು ಬಂದಿದ್ದ. ಬಾಯಿ ಕಟ್ಟಿಕೊಂಡಿದ್ದ ನಿಜ, ಆದರೆ ಒಳಗೆ ಹೊಟ್ಟೆ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಒಂದೇ ಕಣ. ಈ ಕಡೆ ಗುಡಿಸಲಿನಷ್ಟು ಎತ್ತರದ ರಾಶಿ, ಅದರ ಒಡೆಯ ನೆರಳಿನಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದಾನೆ. ಆ ಕಡೆ ತೆನೆ ಮುರಿದ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದಾರೆ, ಬೆರಳೆಲ್ಲ ಬಿರಿದು ರಕ್ತ. ಅವರಿಗೆ ದಿನಕ್ಕೆ ಎರಡು ಸೇರು ಕೂಲಿ. ಒಂಟಿ ಜೀವಕ್ಕೂ ಎರಡೇ, ಐದು ಮಕ್ಕಳ ಮಲಕವ್ವನಿಗೂ ಎರಡೇ. ಮಲಕಾಜಪ್ಪ ಇದಕ್ಕೆ ತನ್ನದೇ ಒಂದು ದಾರಿ ಕಂಡುಕೊಂಡಿದ್ದ. ಸೇರಿನ ಮೇಲೆ ಕೈ ಆಡಿಸಿ ಅಂಚಿಗೆ ಸರಿಯಾಗಿ ಕಾಳು ಉದುರಿಸಿದರೆ ಅದು ಸವರಿದ ಸೇರು. ಹೆಬ್ಬೆರಳು ಅಂಚಿಗೆ ಆನಿಸಿ ಕಾಳು ಜಾರದಂತೆ ಮೇಲೆ ಗೋಪುರ ನಿಲ್ಲಿಸಿದರೆ ಅದು ತಲೆ ಕಟ್ಟಿದ ಸೇರು. ಎರಡರ ನಡುವಿನ ಅಂತರ ಒಂದು ಹಿಡಿ. ಎಣಿಕೆಯಲ್ಲಿ ಮಾತ್ರ ಎರಡೂ ಒಂದೇ. ಮಲಕವ್ವನ ಬುಟ್ಟಿ ಬಂದಾಗ ಸೇರಿಗೆ ತಲೆ ಕಟ್ಟುತ್ತಿತ್ತು, ಒಡೆಯನ ಮನೆಗೆ ಹೋಗುವ ಚೀಲ ಬಂದಾಗ ತಲೆ ತಾನಾಗಿ ಇಳಿಯುತ್ತಿತ್ತು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಸರಕಾರ ಮಾಡದ ನ್ಯಾಯವನ್ನು ತನ್ನ ಹೆಬ್ಬೆರಳು ಮಾಡುತ್ತಿದೆ ಎಂದು ಆತನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಹೆಮ್ಮೆಗೆ ಮಣ್ಣು ಎರಚುತ್ತಿದ್ದವಳು ಅವನ ಹೆಂಡತಿ ಸಕ್ರವ್ವ ಒಬ್ಬಳೇ. ತೆನೆ ಮುರಿಯುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ; ಇಬ್ಬರ ಕೆಲಸ ಒಬ್ಬಳೇ ಎಳೆದು ಹಾಕುತ್ತಿದ್ದಳು. ಆದರೆ ಗಂಡನೇ ಅಳೆಯುವವನಲ್ಲವೇ? ಮಂದಿ ಏನಾದರೂ ಅಂದಾರೆಂದು ಮಲಕಾಜಪ್ಪ ಅವಳ ಸೇರನ್ನು ಎಲ್ಲರಿಗಿಂತ ಬಿಗಿಯಾಗಿ ಸವರುತ್ತಿದ್ದ.

"ಊರವರಿಗೆಲ್ಲಾ ಗ್ವಾಪುರ ಕಟ್ಟತಿ, ನಾ ಬಂದ್ರ ಬೋಳಿಸಿ ಕಳಸತಿ," ಎಂದು ಆಕೆ ರೊಟ್ಟಿ ಬಡಿಯುತ್ತ ಶುರುಮಾಡುವಳು. "ನಾ ದುಡದಿದ್ದು ಎರಡಾಳಿಂದು. ನನಗ ಸಿಗೂದು ಒಂದಾಳಿಂದು, ಅದೂ ಅಂಚಿಗೆ."

"ನಮಗ ಮಕ್ಕಳು ಮರಿ ಅದಾವೇನು ಮನ್ಯಾಗ? ಇದ್ದೊಬ್ಬಾಕಿನ್ನ ಬಬಲೇಶ್ವರಕ್ಕ ಕಳಿಸೇವಿ. ಮಲಕವ್ವಂದು ಐದು ಹೊಟ್ಟಿ ಬೇ. ನಾ ಹೊಟ್ಟಿ ನೋಡಿ ಕೊಡತೀನಿ."

"ಹೊಟ್ಟಿ ನೋಡತಿ, ರಟ್ಟಿ ನೋಡೂದಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ! ಒಮ್ಮೆರ ನಿನ್ನ ಗಂಟಿನಾಗಿಂದ ತಲಿ ಕಟ್ಟಿ ಕೊಡು, ಆವಾಗ ನೀ ಧರ್ಮರಾಯ ಅಂತೀನಿ."

ಮಲಕಾಜಪ್ಪ ಸಿಟ್ಟಿಗೆದ್ದು ಹೊರಗೆ ಹೋಗುತ್ತಿದ್ದ. ಹೆಂಗಸರಿಗೆ ದೊಡ್ಡ ಲೆಕ್ಕ ತಿಳಿಯುವುದಿಲ್ಲ ಎಂದು ತನಗೆ ತಾನೇ ಅಂದುಕೊಳ್ಳುತ್ತಿದ್ದ.

ಹೀಗಿರುವಾಗ ಯುದ್ಧದ ಕಾಲದ ರೇಶನ್ನು ಹಳ್ಳಿಗೂ ಬಂತು. ಯುದ್ಧ ಮುಗಿದರೂ ಅದು ಮುಗಿಯಲಿಲ್ಲ. ರೈತರು ಬೆಳೆದದ್ದರಲ್ಲಿ ಒಂದು ಪಾಲು ಸರಕಾರಕ್ಕೆ ಲೆವಿ ಹಾಕಬೇಕು, ಸರಕಾರ ಅದನ್ನು ಹೊಲವಿಲ್ಲದವರಿಗೆ ಅಂಗಡಿಯ ಮೂಲಕ ಹಂಚಬೇಕು. ನಲವತ್ತಾರರ ಬೇಸಿಗೆಗೆ ತಿಕೋಟಾದ ರೇಶನ್ ಅಂಗಡಿ ಗುರಲಿಂಗಪ್ಪ ಸಾವಕಾರರ ಪಾಲಾಯಿತು. ಅಳೆಯಲು ಮಲಕಾಜಪ್ಪನನ್ನೇ ಕರೆದರು.

ಗುರಲಿಂಗಪ್ಪ ಕೆಟ್ಟ ಮನುಷ್ಯ ಅಂದರೆ ಊರು ಒಪ್ಪುತ್ತಿರಲಿಲ್ಲ. ಸೋಮವಾರಕ್ಕೊಮ್ಮೆ ಅವರ ಪಡಸಾಲೆಯಲ್ಲಿ ಬಂದವರಿಗೆಲ್ಲ ಪಂಕ್ತಿ ಹಾಕಿ ಉಣ್ಣಿಸುತ್ತಿದ್ದರು. ಬಿಸಿಲಿಗೆ ದಾರಿಹೋಕರಿಗೆಂದು ಬಾಗಿಲಲ್ಲಿ ಅಂಬಲಿಯ ಹರವಿ ಇಡಿಸುತ್ತಿದ್ದರು. ಅವರದೊಂದು ಮಾತಿತ್ತು: "ನಾ ಕೂಡಿಡಲಿಲ್ಲಂದ್ರ ಕೊಡೂದು ಎಲ್ಲಿಂದೋ? ಇದ್ದವನ ಮನ್ಯಾಗ ಇದ್ರ ಇಲ್ಲದವರಿಗೆ ಒಂದಿನ ಸಿಗತೈತಿ. ಎಲ್ಲರೂ ಹಂಚಿಕೊಂಡು ಕುಂತ್ರ ಎಲ್ಲರೂ ತಿರಕೊಂಡು ತಿನ್ನೂದ." ಈ ಮಾತು ಕೇಳಿ ಮಂದಿ ತಲೆ ಆಡಿಸುತ್ತಿದ್ದರು. ಮಲಕಾಜಪ್ಪ ಮಾತ್ರ ಹಲ್ಲು ಕಚ್ಚುತ್ತಿದ್ದ. ಯಾಕೆಂದರೆ ಆ ವರ್ಷದ ಸುಗ್ಗಿಯಲ್ಲಿ ಸಾವಕಾರರ ದನದ ಕೊಟ್ಟಿಗೆಯೊಳಗಿನ ಹಗೇವಿಗೆ ಜೋಳ ಅಳೆದು ಇಳಿಸಿದವನು ಅವನೇ. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಬಾಯಿಗೆ ಕಲ್ಲು ಹಾಕಿ ಮಣ್ಣು ಬಡಿದು ಮೇಲೆ ಎಮ್ಮೆ ಕಟ್ಟಿದರೆ ಕೆಳಗೇನಿದೆ ಎಂದು ಯಮನಿಗೂ ಗೊತ್ತಾಗದು. ನೂರಾ ಹತ್ತು ಚೀಲ ಇಳಿದಿತ್ತು. ಲೆವಿಗೆಂದು ಊರಿನ ಲೆಕ್ಕ ಬರೆಯುವ ತಲಾಟಿಯ ಮುಂದೆ ತೋರಿಸಿದ್ದು ಮೂವತ್ತು ಚೀಲ. ಮಲಕಾಜಪ್ಪ ಅಪ್ಪನ ಮಾತು ನೆನೆದು ತುಟಿ ಬಿಚ್ಚಿರಲಿಲ್ಲ.

ಅಂಗಡಿ ತೆರೆದ ಮೊದಲ ಮಂಗಳವಾರ ವಿಜಾಪುರದಿಂದ ರೇಶನ್ ಕಮಿಟಿಯ ದಶರಥ ಬಂದ. ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ, ಒರಟು ಖಾದಿ, ಮಾತು ಖಡಕ್ಕು. ತೊರವಿ ದಾಟಿ ಅಷ್ಟು ದೂರ ಸೈಕಲ್ ತುಳಿದು ಬಂದವನು ಬೆವರು ಒರೆಸಿಕೊಂಡು ಜೋಳಿಗೆಯಿಂದ ಒಂದು ಕಟ್ಟಿಗೆಯ ಪಟ್ಟಿ ತೆಗೆದ.

"ಸೇರು ತುಂಬಿದ ಮ್ಯಾಲ ಈ ಪಟ್ಟಿಲೆ ಅಂಚಿಗೆ ಸರಿಯಾಗಿ ಎಳೀಬೇಕು. ತಲಿಗೆ ವಾರಕ್ಕ ಎರಡು ಸೇರು. ಬಡವ, ಸಾವಕಾರ, ಗಂಡು, ಹೆಣ್ಣು, ಎಲ್ಲಾರೂ ಒಂದ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ."

ಮಲಕಾಜಪ್ಪನಿಗೆ ಕೈಯನ್ನೇ ಯಾರೋ ಕಟ್ಟಿಹಾಕಿದಂತಾಯಿತು. ಮೂವತ್ತು ವರ್ಷ ಸೇರು ಹಿಡಿದವನಿಗೆ ಸೈಕಲ್ ಪಂಕ್ಚರ್ ಹಾಕುವವ ಅಳತೆ ಕಲಿಸುವುದೇ?

"ಹಮಾಲಿ ಮಾಡೂ ಹೊಟ್ಟಿ, ಗಾದಿ ಮ್ಯಾಲ ಕುಂತ ಹೊಟ್ಟಿ ಎರಡೂ ಒಂದಾ ಏನ್ರಿ? ಇದ್ಯಾವ ನ್ಯಾಯ?" ಎಂದ.

"ಹಂಗಂದ್ರ ಯಾರ ಹೊಟ್ಟಿ ದೊಡ್ಡದು ಅನ್ನೂದು ಯಾರು ಹೇಳಬೇಕು? ನೀನಾ?"

"ಹೌದ್ರಿ, ನಾನಾ! ಊರಾಗ ಯಾರ ಮನ್ಯಾಗ ಒಲಿ ಹತ್ತಿಲ್ಲ ನನಗ ಗೊತ್ತಿಲ್ಲೇನು? ಕಣ್ಣಿಲೆ ಕಾಣತೈತಿ."

ದಶರಥ ನಕ್ಕ. "ಕಂಡವರಿಗೆ ಕೊಡತಿ. ಕಾಣಲಾರದವರಿಗೆ?"

ಈ ಮಾತನ್ನು ಮಲಕಾಜಪ್ಪ ಪಟ್ಟಣದವರ ಬಾಯಿಬಡಕತನ ಎಂದು ತಳ್ಳಿಹಾಕಿದ. ದಶರಥನ ಸೈಕಲ್ಲು ಊರ ಹೊರಗಿನ ಹುಣಸೆಮರ ದಾಟಿದ್ದೇ ತಡ, ಪಟ್ಟಿ ಮೂಲೆ ಸೇರಿತು. ಮಲಕವ್ವನ ಬುಟ್ಟಿ ಬಂದಾಗ ಸೇರಿನ ಮೇಲೆ ಗೋಪುರ ನಿಂತಿತು. ಹಮಾಲರಿಗೆ ನಿಂತಿತು, ಬಾಣಂತಿಯ ಮನೆಯವರಿಗೆ ನಿಂತಿತು. ಯಾರ ಮುಖ ಬಾಡಿತ್ತೋ ಅವರಿಗೆಲ್ಲ ನಿಂತಿತು.

ಸಾಲಿನ ಕಟ್ಟಕಡೆಗೆ ಬರುತ್ತಿದ್ದವಳು ಶಹಜಾದಿ. ಅರವತ್ತರ ವಿಧವೆ, ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿದು ಬದುಕುವವಳು. ಮಗ ಸೊಸೆ ಇಬ್ಬರೂ ಪ್ಲೇಗಿಗೆ ಹೋದ ಮೇಲೆ ಮೂರು ಮೊಮ್ಮಕ್ಕಳು ಅವಳ ಕೊರಳಿಗೆ ಬಿದ್ದಿದ್ದವು. ಎಡಗಾಲು ಕುಂಟು. ರಟ್ಟೆಯಲ್ಲಿ ಶಕ್ತಿಯಿದ್ದವರು ಬೆಳಗಾಗುವ ಮೊದಲೇ ಬಂದು ಅಂಗಡಿ ಮುಂದೆ ಕೂರುತ್ತಿದ್ದರು; ಊರಿನ ಆ ತುದಿಯಿಂದ ಕಾಲು ಎಳೆಯುತ್ತ ಆಕೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಅವಳ ಕಾರ್ಡಿನಲ್ಲಿ ನಾಲ್ಕು ತಲೆ, ವಾರಕ್ಕೆ ಎಂಟು ಸೇರು. ಮೊದಲ ವಾರ ಅವಳ ಸರದಿ ಬಂದಾಗ ಚೀಲದಲ್ಲಿ ನಾಲ್ಕೇ ಸೇರು ಉಳಿದಿತ್ತು. ಎರಡನೆಯ ವಾರವೂ ನಾಲ್ಕು. ಮೂರನೆಯ ವಾರ ಚೀಲ ಜಾಡಿಸಿದರೆ ಧೂಳು ಬಂತು.

"ಯಕ್ಕಾ, ಚೀಲಾನ ಕಮ್ಮಿ ಬಂದಾವು. ಮುಂದಿನ ವಾರ ಬಾ," ಎಂದ ಮಲಕಾಜಪ್ಪ. ಆಕೆ ಜಗಳಾಡಲಿಲ್ಲ. ಬುಟ್ಟಿಯನ್ನು ಬೋರಲು ಮಾಡಿ ತಲೆಯ ಮೇಲಿಟ್ಟುಕೊಂಡು ಬಿಸಿಲಿಗೆ ಅಡ್ಡ ಹಿಡಿದು ಹೋದಳು. ನಾಲ್ಕನೆಯ ವಾರ, ಐದನೆಯ ವಾರ, ಆರನೆಯ ವಾರ ಹೀಗೇ ಆಯಿತು.

ಮಲಕಾಜಪ್ಪನಿಗೆ ಅನ್ನ ಸೇರದಾಯಿತು. ತಾನು ಅಳೆಯುವ ಕಡೆ ಒಬ್ಬ ಮುದುಕಿ ಬರಿ ಬುಟ್ಟಿಯೊಂದಿಗೆ ಹೋಗುವುದೆಂದರೇನು! ಅಪ್ಪನ ಸೇರಿಗೆ ಕಲ್ಲು ಬಿದ್ದಂತೆ. ಕಳ್ಳ ಯಾರು ಎಂಬ ಬಗ್ಗೆ ಅವನಿಗೆ ಸಾಸಿವೆಯಷ್ಟೂ ಅನುಮಾನವಿರಲಿಲ್ಲ. ನೆಲದೊಳಗೆ ನೂರಾ ಹತ್ತು ಚೀಲ ಹೂತವನು ಸರಕಾರದ ಚೀಲಕ್ಕೆ ಕೈ ಹಾಕದೆ ಬಿಡುತ್ತಾನೆಯೇ? ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ!

"ಸಾವಕಾರ ಚೀಲ ಬಿಚ್ಚಿ ತಗದು ಮತ್ತ ಹೊಲಿಸ್ಯಾನ," ಎಂದ ಹೆಂಡತಿಯ ಮುಂದೆ.

"ನೀ ಕಂಡಿಯೇನು?"

"ಕಾಣೂದ್ಯಾಕ ಬೇಕು? ಮತ್ತೆಲ್ಲಿ ಹೋತು?"

ಸಕ್ರವ್ವ ಅವನ ಕೈ ನೋಡಿದಳು. ಏನೋ ಹೇಳಲು ಹೋದವಳು ಒಲೆಯ ಕಡೆ ತಿರುಗಿದಳು. ಅವತ್ತು ಆಕೆ ಹೇಳಿದ್ದರೆ ಆತ ಕೇಳುತ್ತಿರಲಿಲ್ಲ ಬಿಡಿ.

ಮರುದಿನ ಮಲಕಾಜಪ್ಪ ವಿಜಾಪುರದ ದಾರಿ ಹಿಡಿದ. ಸಿಕ್ಕ ಗಾಡಿ ಹತ್ತಿ, ಸಿಗದ ಕಡೆ ನಡೆದು ತೊರವಿ ದಾಟಿದ. ದೂರದಲ್ಲಿ ಗೋಳಗುಮ್ಮಟದ ತಲೆ ಕಂಡಾಗ, ಸತ್ತ ಬಾದಶಹನಿಗೆ ಅಷ್ಟು ದೊಡ್ಡ ತಲೆ ಕಟ್ಟಿದ್ದಾರೆ, ಬದುಕಿದವರ ಸೇರಿಗೆ ಪಟ್ಟಿ ಎಳೆಯುತ್ತಾರೆ ಎಂದು ಒಬ್ಬನೇ ಬೈದುಕೊಂಡ. ದಶರಥನ ಅಂಗಡಿ ಹುಡುಕಿ ಎಲ್ಲ ಹೇಳಿದ. ಹಗೇವಿನ ಮಾತೊಂದನ್ನು ಬಿಟ್ಟು.

"ಬರೂ ಮಂಗಳವಾರ ಕಚೇರಿ ಕಾರಕೂನ ಸಾಹೇಬರನ್ನ ಕರಕೊಂಡು ಬರತೀನಿ. ಮಂದಿ ಮುಂದ ತಪಾಸ ಆಗಲಿ," ಎಂದ ದಶರಥ.

ಮಂಗಳವಾರ ಊರೇ ಅಂಗಡಿ ಮುಂದೆ ನೆರೆಯಿತು. ಕಾರಕೂನರು ಚೀಲಗಳ ಸೀಲು ನೋಡಿದರು, ಹೊಲಿಗೆ ನೋಡಿದರು. ಎಲ್ಲ ಚೀಲ ಬಿಚ್ಚಿ ಜಮಖಾನೆಯ ಮೇಲೆ ಸುರಿದು ಪಟ್ಟಿ ಎಳೆದು ಅಳೆಸಿದರು. ಕಾರ್ಡುಗಳ ಪ್ರಕಾರ ನೂರಾ ಅರವತ್ತು ತಲೆ, ಮುನ್ನೂರಾ ಇಪ್ಪತ್ತು ಸೇರು ಬೇಕು. ಜಮಖಾನೆಯ ಮೇಲೆ ಮುನ್ನೂರಾ ಇಪ್ಪತ್ತು ಸೇರು ಇತ್ತು. ಒಂದು ಕಾಳು ಕಮ್ಮಿಯಿರಲಿಲ್ಲ.

ಮಲಕಾಜಪ್ಪನಿಗೆ ಇದು ಸಾವಕಾರರ ಹೂಟವೆನ್ನಿಸಿತು. ತಪಾಸಣೆ ಇದೆಯೆಂದು ತಿಳಿದು ಈ ವಾರ ಕೈ ಬಿಗಿ ಹಿಡಿದಿದ್ದಾರೆ, ಅಷ್ಟೇ. ಕಾರಕೂನರು ಚಹಾಕ್ಕೆಂದು ಸಾವಕಾರರ ಪಡಸಾಲೆಗೆ ಹೋದರು. ದಶರಥ ಮಾತ್ರ ಅಲ್ಲೇ ಕಂಬಕ್ಕೆ ಒರಗಿ ನಿಂತ.

"ದಿನಾ ಹೆಂಗ ಅಳೀತಿ ಹಂಗ ಅಳಿ," ಎಂದ.

ಮಲಕಾಜಪ್ಪ ಮಂಡಿಯೂರಿದ. ಅವನ ಕೈ ಮೂವತ್ತು ವರ್ಷದ ದಾರಿಯಲ್ಲೇ ನಡೆಯಿತು. ಲಾಭ. ಎರಡು. ಮೂರು. ಮಲಕವ್ವನಿಗೆ ತಲೆ, ಹಮಾಲರಿಗೆ ತಲೆ, ಬಾಡಿದ ಮುಖಕ್ಕೆಲ್ಲ ತಲೆ. ದಶರಥ ನೋಡುತ್ತಲೇ ಇದ್ದ. ಬಿಸಿಲು ಏರಿತು. ಜಮಖಾನೆಯ ಮೇಲಿನ ಗುಡ್ಡೆ ಇಳಿಯಿತು, ಇಳಿದು ಚಪ್ಪಟೆಯಾಯಿತು, ಜಮಖಾನೆಯ ಕೆಂಪು ಪಟ್ಟೆ ಕಂಡಿತು. ಕಟ್ಟಕಡೆಗೆ ಶಹಜಾದಿ ಬಂದು ಬುಟ್ಟಿ ಇಟ್ಟಳು. ಮಲಕಾಜಪ್ಪ ಎರಡೂ ಕೈಯಿಂದ ಬಳಿದ. ಒಂದು ಮುಷ್ಟಿ ಜೋಳ, ಒಂದಿಷ್ಟು ಕಸ.

ಯಾರೂ ಮುಟ್ಟಿರಲಿಲ್ಲ. ಊರೆಲ್ಲ ನೋಡುತ್ತ ನಿಂತಿತ್ತು. ಮುಟ್ಟಿದ್ದು ಅವನೊಬ್ಬನ ಕೈ.

ಆರು ವಾರ ಆ ಮುದುಕಿಯ ಹೊಟ್ಟೆಯ ಮೇಲೆ ಹೊಡೆದದ್ದು ತನ್ನ ಹೆಬ್ಬೆರಳು ಎಂದು ಮಲಕಾಜಪ್ಪನಿಗೆ ಆಗ ಗೊತ್ತಾಯಿತು. ಕಣದಲ್ಲಿ ಕಟ್ಟಿದ ತಲೆ ಒಡೆಯನ ರಾಶಿಯಿಂದ ಬರುತ್ತಿತ್ತು, ಆ ರಾಶಿಗೆ ತಳವೇ ಇರಲಿಲ್ಲ. ಇಲ್ಲಿ ತಳವಿತ್ತು, ಆ ತಳದಲ್ಲಿ ಶಹಜಾದಿ ನಿಂತಿದ್ದಳು. ಆತ ತಲೆಯೆತ್ತಿ ಸುತ್ತ ನೋಡಿದ. ತಲೆ ಕಟ್ಟಿದ ಜೋಳ ಒಯ್ದವರಲ್ಲಿ ಅರ್ಧ ಮಂದಿ ಅಲ್ಲೇ ಇದ್ದರು. ಒಬ್ಬರೂ ಬುಟ್ಟಿ ಮುಂದೆ ಚಾಚಲಿಲ್ಲ. ಮಲಕವ್ವ ಸೆರಗಿನಿಂದ ತನ್ನ ಬುಟ್ಟಿ ಮುಚ್ಚಿಕೊಂಡಳು. ಅವಳನ್ನಾದರೂ ಹೇಗೆ ಬೈಯುವುದು?

ಅಷ್ಟರಲ್ಲಿ ಗುರಲಿಂಗಪ್ಪ ಹಲ್ಲುಕಡ್ಡಿ ಹಿಡಿದುಕೊಂಡು ಕಾರಕೂನರ ಜೊತೆ ಹೊರಗೆ ಬಂದರು. ಖಾಲಿ ಜಮಖಾನೆ ನೋಡಿದರು, ಮುದುಕಿಯನ್ನು ನೋಡಿದರು.

"ಈಗ ಹೇಳೋ ಮಲಕಾಜ. ಕಳ್ಳ ಯಾವ?"

ಮಂದಿ ಗೊಳ್ಳೆಂದು ನಕ್ಕಿತು. ಆರು ವಾರದ ಸಿಟ್ಟು, ಆ ಗಳಿಗೆಯ ನಾಚಿಕೆ, ಮೂವತ್ತು ವರ್ಷ ನುಂಗಿಕೊಂಡದ್ದು ಎಲ್ಲ ಒಮ್ಮೆಲೇ ಗಂಟಲಿಗೆ ಬಂತು. ಮಲಕಾಜಪ್ಪ ಎದ್ದು ನಿಂತ.

"ನಾನಾ ಕಳ್ಳ ರೀ ಸಾವಕಾರ್ರ! ಮುಷ್ಟಿ ಕಳ್ಳ ನಾ. ನಿಮ್ಮ ಕೊಟ್ಟಗ್ಯಾಗ ಎಮ್ಮಿ ಕಾಲ ಬುಡಕ ಹಗೇವಿನ್ಯಾಗ ನೂರಾ ಹತ್ತು ಚೀಲ ಐತಲ್ಲ, ಅದರ ಕಳ್ಳ ಯಾರ್ರಿ? ನಾನಾ ಅಳದು ಇಳಿಸೀನಿ. ಬರ್ರಿ ಸಾಹೇಬರ, ಎಮ್ಮಿ ಬಿಡಿಸಿ ನೋಡ್ರಿ!"

ನಗೆ ನಿಂತಿತು. ಕಣದಲ್ಲಿ ಅಳೆಯುವಾಗ ಇರುತ್ತಿತ್ತಲ್ಲ, ಅಂಥದೇ ಮೌನ. ಅಲ್ಲಿ ನಿಂತಿದ್ದ ನಾಲ್ಕು ಜನ ದೊಡ್ಡ ರೈತರು ಸಾವಕಾರರ ಕಡೆ ನೋಡಲಿಲ್ಲ, ಮಲಕಾಜಪ್ಪನ ಕಡೆ ನೋಡಿದರು. ಅವರ ಹಗೇವಿನ ಲೆಕ್ಕವೂ ಅವನ ಕೈಯಲ್ಲಿತ್ತು. ಆವತ್ತಿನಿಂದ ತಿಕೋಟಾದ ಒಂದು ಕಣಕ್ಕೂ ಅವನನ್ನು ಕರೆಯಲಿಲ್ಲ. ಬಬಲೇಶ್ವರದವರೂ ಬೀಗರ ಮೂಲಕ, ಬರುವುದು ಬೇಡ ಎಂದು ಹೇಳಿಕಳಿಸಿದರು. ಅದು ಆಮೇಲಿನ ಮಾತು.

ಎಮ್ಮೆ ಬಿಡಿಸಿದರು, ಮಣ್ಣು ಅಗೆದರು, ಕಲ್ಲು ಸರಿಸಿದರು. ಜೋಳ ಸಿಕ್ಕಿತು. ಇನ್ನೇನು, ನ್ಯಾಯ ಬಂದೇಬಿಟ್ಟಿತು ಅಂದುಕೊಂಡ ಮಲಕಾಜಪ್ಪ. ಎಲ್ಲಿಯ ನ್ಯಾಯ! ಕಾರಕೂನರು ಕಾಯ್ದೆ ಓದಿದರು. ಸಾವಕಾರರಿಗೆ ದಂಡ ಬಿತ್ತು, ಆದರೆ ಜಪ್ತಿಯಾದ ಜೋಳಕ್ಕೆ ಲೆವಿ ದರದಲ್ಲಿ ರೊಕ್ಕವೂ ಬರಬೇಕಿತ್ತು. ದಂಡ ಕಳೆದರೂ ಒಳ್ಳೆಯ ಗಂಟೇ ಉಳಿಯಿತು. ಚೀಲಗಳು ಗಾಡಿ ಏರಿ ವಿಜಾಪುರದ ಗೋದಾಮಿಗೆ ಹೊರಟವು. ದಶರಥ ಕಾಡಿ ಬೇಡಿ ಹತ್ತು ಚೀಲ ಊರಿಗೆ ಉಳಿಸಿದ. ಅದನ್ನು ಹಂಚುವುದಾದರೂ ಹೇಗೆ? ಕಾಯ್ದೆ ಪ್ರಕಾರ, ತಲೆಗೆ ಎರಡು ಸೇರು. ಹಗೇವು ಖಾಲಿಯಾಯಿತಾದ್ದರಿಂದ ಗುರಲಿಂಗಪ್ಪನವರ ಮನೆಗೂ ಕಾರ್ಡು ಬರೆದರು. ಅವರ ಮನೆಯಲ್ಲಿ ಹದಿನಾಲ್ಕು ತಲೆ. ಸಾವಕಾರ್ತಿ ಗುರುಸಿದ್ದವ್ವ ಆಳಿನ ಕೈಯಲ್ಲಿ ಚೀಲ ಕೊಟ್ಟು ಸಾಲಿನ ಮೊದಲಿಗೇ ಕಳಿಸಿದಳು.

"ಹದಿನಾಲ್ಕು ತಲಿಗೆ ಇಪ್ಪತ್ತೆಂಟು ಸೇರಂತ, ಅಳಿ," ಎಂದ ಆಳು.

ಮಲಕಾಜಪ್ಪ ದಶರಥನ ಮುಖ ನೋಡಿದ. "ಇದು ನಿಮ್ಮ ಸಮಾನತಾ ಏನ್ರಿ?"

"ಇವತ್ತಿನ ಕಾಯ್ದೆ ಇಷ್ಟ ಐತಪ್ಪ. ಹಗೇವು ಹಂಚೂ ಕಾಯ್ದೆ ಇನ್ನೂ ಬಂದಿಲ್ಲ," ಎಂದು ದಶರಥ ತಲೆ ತಗ್ಗಿಸಿದ. ಮಲಕಾಜಪ್ಪ ಪಟ್ಟಿ ಎಳೆದು ಇಪ್ಪತ್ತೆಂಟು ಸೇರು ಅಳೆದ. ಒಂದೊಂದು ಸೇರಿಗೂ ಮೈ ಉರಿಯಿತು.

ಆಮೇಲೆ ಶಹಜಾದಿಯ ಸರದಿ. ಗುಡ್ಡೆಯಲ್ಲಿ ಇನ್ನೂ ಬೇಕಾದಷ್ಟು ಜೋಳವಿತ್ತು. ಮಲಕಾಜಪ್ಪ ಪಟ್ಟಿಯನ್ನು ಬಿಸಾಕಿ, ಸೇರು ತುಂಬಿ, ಹೆಬ್ಬೆರಳು ಆನಿಸಿ, ತನ್ನ ಜನ್ಮದಲ್ಲೇ ಕಟ್ಟದಷ್ಟು ಎತ್ತರದ ತಲೆ ಕಟ್ಟಿದ. ಶಹಜಾದಿ ಕುಂಟುತ್ತ ಮುಂದೆ ಬಂದಳು. ಅಂಗೈ ಇಟ್ಟು ಆ ಗೋಪುರವನ್ನು ಜಮಖಾನೆಗೆ ಕೆಡವಿದಳು.

"ಇದು ಬ್ಯಾಡೋ ತಮ್ಮಾ. ನನಗ ಸವರಿ ಅಳಿ."

"ಯಾಕ ಯಕ್ಕಾ? ಭಾಳ ಐತಿ ಇವತ್ತ. ತಗೋ."

"ಇದು ನಿನ್ನ ದಯಾ. ಇವತ್ತ ಕಂಡೀನಿ, ಕೊಡತಿ. ನಾಳಿ ಕಾಣೂದಿಲ್ಲ, ಮರೀತಿ. ಸಾವಕಾರ್ರೂ ಸ್ವಾಮಾರ ಪಂಕ್ತಿ ಹಾಕಿ ಉಣಸತಾರ. ನನಗ ದಯಾ ಬ್ಯಾಡ. ನಂದು ನಾಕು ವಾರ ಎಂಟೆಂಟು, ಎರಡು ವಾರ ನಾಕ್ನಾಕು. ನಲವತ್ತು ಸೇರು. ಅದನ್ನ ಕೊಡು."

ಮಲಕಾಜಪ್ಪ ಕಾರಕೂನರ ಕಡೆ ನೋಡಿದ. ಹಿಂದಿನ ವಾರದ್ದು ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಅವರು ಪುಸ್ತಕ ಮುಚ್ಚಿದರು. ಶಹಜಾದಿ ಆ ವಾರದ ಎಂಟು ಸೇರು ಹೊತ್ತುಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದವನು ಊಟ ಬೇಡವೆಂದ. ಸಾವಕಾರರನ್ನು ಬೈದ, ಕಾಯ್ದೆಯನ್ನು ಬೈದ, ಬುಟ್ಟಿ ಮುಚ್ಚಿಕೊಂಡ ಮಲಕವ್ವನನ್ನೂ ಬೈದ. ಸಕ್ರವ್ವ ಎಲ್ಲ ಮುಗಿಯಲೆಂದು ಕಾದಳು.

"ಆತಿಲ್ಲೋ? ಏಳು. ಆ ಯಕ್ಕಗ ಕೊಡೂದು ಯಾರು?"

"ನಾ ತಿಂದೀನೇನು? ಮಂದಿ ತಿಂದಾರ."

"ಅ ಅ ಅ! ಮಂದಿ ತಿಂದಾರ ಖರೆ. ಕೊಟ್ಟ ಪುಣ್ಯ ಯಾರು ತಗೊಂಡ್ರು?"

ಆಕೆ ಮೂಲೆಯ ಕಣಜದ ಮುಚ್ಚಳ ತೆಗೆದಳು. ಅದರಲ್ಲಿ ಇದ್ದದ್ದು ಅರವತ್ತು ಸೇರಿನಷ್ಟು ಜೋಳ, ಮಳೆಗಾಲಕ್ಕೆ ಅಂತ ಇಟ್ಟದ್ದು. ಅದರಲ್ಲಿ ಹೆಚ್ಚಿನ ಪಾಲು ಸಕ್ರವ್ವನ ಕೂಲಿ. ಗಂಡ ಅಂಚಿಗೆ ಸವರಿ ಸವರಿ ಕೊಟ್ಟದ್ದು. ಆಕೆ ಹೋಗಿ ಶಹಜಾದಿಯನ್ನು ಕೈಹಿಡಿದು ಕರೆದುಕೊಂಡು ಬಂದಳು, ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದಳು. ಆಮೇಲೆ ಗಂಡನ ಮುಂದೆ ಕಬ್ಬಿಣದ ಸೇರು ಇಟ್ಟಳು.

"ಅಳಿ."

ಮಲಕಾಜಪ್ಪ ಮಂಡಿಯೂರಿದ. ಲಾಭ, ಅಂದ. ಎರಡು, ಅಂದ. ಮೊದಲ ಹತ್ತು ಸೇರು ಸರಾಗವಾಗಿ ಹೋಯಿತು. ಹದಿನೈದಕ್ಕೆ ಕಣಜದೊಳಗೆ ಮೊಳಕೈ ಇಳಿಯತೊಡಗಿತು. ಇಪ್ಪತ್ತಕ್ಕೆ ಬಗ್ಗಿ ತೋಡಬೇಕಾಯಿತು. ಆಷಾಢಕ್ಕೆ ಏನು ತಿನ್ನುವುದು, ಕಣಕ್ಕೆ ಇನ್ನು ಯಾರು ಕರೆಯುತ್ತಾರೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಅವನ ಜನ್ಮದಲ್ಲಿ ಮೊದಲ ಸಲ ಅಳೆಯುತ್ತಿರುವ ರಾಶಿ ಅವನದೇ ಆಗಿತ್ತು.

"ಇಪ್ಪತ್ನಾಕು," ಅಂದ.

"ತಡಿ," ಎಂದಳು ಸಕ್ರವ್ವ. "ತೆಗ್ಗು ಬಿದ್ದೈತಿ."

"ಎಲ್ಲಿ?"

"ನಿನ್ನ ಸೇರಿನ್ಯಾಗ."

ಮಲಕಾಜಪ್ಪ ನೋಡಿದ. ಮಂದಿಯ ಜೋಳಕ್ಕೆ ಮೂವತ್ತು ವರ್ಷ ಗೋಪುರ ಕಟ್ಟಿದ ಹೆಬ್ಬೆರಳು ಅವನಿಗೆ ಗೊತ್ತಿಲ್ಲದೆಯೇ ಅಂಚಿನಿಂದ ಒಳಕ್ಕಿಳಿದು ಸೇರಿನ ನಡುವೆ ಒಂದು ಹಿಡಿಯಷ್ಟು ಕುಳಿ ತೋಡಿತ್ತು. ಶಹಜಾದಿ ಬೇರೆ ಕಡೆ ಮುಖ ತಿರುಗಿಸಿದ್ದಳು. ಕಂಡಿದ್ದಳೋ ಇಲ್ಲವೋ, ಕೇಳುವ ಧೈರ್ಯ ಅವನಿಗಿರಲಿಲ್ಲ.

"ತುಂಬು," ಎಂದಳು ಸಕ್ರವ್ವ.

ಆತ ಕಣಜಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಕುಳಿ ತುಂಬಿದ. ಇನ್ನೂ ಹದಿನಾರು ಸೇರು ಅಳೆಯುವುದಿತ್ತು, ಮುಗಿಯುವವರೆಗೆ ಸಕ್ರವ್ವ ಅವನ ಹೆಬ್ಬೆರಳ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.